ನಾಲ್ಕು ಗ್ಯಾಲನ್ನಿಗೆ ಕಾರ್ಕಳ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಗಳೂರಿನ ಜೆಪ್ಪುವಿನಲ್ಲೊಂದು ಹಂಚಿನ ಶೆಡ್ಡಿನಲ್ಲಿ ಒಂದು ಹಳೆಯ ಕಾರಿನ ಹಿಂಬದಿಯನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದೆ. ಅದರ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತವೆ. "ಆ ಕುಂಕುಮ ಸ್ವಲ್ಪ ಈಚೆ ಕೊಡ್ತೀರಾ? ಅಲ್ಲೇ ಚಿಪ್ಪಿನಲ್ಲಿ ಉಂಟು" ಎಂದು ನೋಡಲು ಬಂದ ನಮ್ಮನ್ನು ಕೇಳುತ್ತಾರೆ ಆ ಕಾಲುಗಳ ಒಡೆಯ ನೋಣಯ್ಯ. ಕುಂಕುಮ ಪೂಜೆಗಲ್ಲ. ತೆಂಗಿನೆಣ್ಣೆಯಲ್ಲಿ ಕಲಸಿ ಹಲ್ಲುಚಕ್ರಕ್ಕೆ ಸವರಿ ಒಂದು ಸುತ್ತು ತಿರುಗಿಸಿದರೆ, ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆಂಬ ಗುರುತು ಬೀಳುತ್ತದೆ. ಗುರುತು ನಟ್ಟನಡುವೆ ಬೀಳಬೇಕು. ಅಂಚಿಗೆ ಬಿದ್ದರೆ ಬಿಚ್ಚಿ ಮತ್ತೆ ಕೂರಿಸಬೇಕು. ನಿನ್ನೆಯಿಂದ ಇದು ಒಂಬತ್ತನೇ ಸಲ.

ಯುದ್ಧ ನಡೆಯುತ್ತಿರುವುದು ಎಲ್ಲೋ ಸಮುದ್ರದಾಚೆ. ಆದರೆ ಪೆಟ್ರೋಲಿಗೆ ಕೂಪನ್ ಬಂದ ಮೇಲೆ ಮಂಗಳೂರಿನ ಕಾರುಗಳು ಒಂದೊಂದಾಗಿ ಗೋಣಿತಾಟು ಹೊದ್ದು ಮಲಗಿವೆ. ಅವನ್ನು ಎಬ್ಬಿಸುವ ವಿದ್ಯೆ ನೋಣಯ್ಯನವರ ಕೈಯಲ್ಲಿದೆ. ಹಿಂದಿನ ಆಕ್ಸಲ್ಲಿನೊಳಗಿರುವ ದೊಡ್ಡ ಚಕ್ರ ಮತ್ತು ಸಣ್ಣ ಪಿನಿಯನ್ನಿನ ಜೋಡಿಯನ್ನು ತೆಗೆದು, ಗುಜರಿಗೆ ಬಿದ್ದ ಹಗುರ ಕಾರಿನ ಜೋಡಿಯನ್ನು ಅಲ್ಲಿ ಕೂರಿಸುತ್ತಾರೆ. "ಇಂಜಿನ್ ಸುತ್ತುವುದು ಕಡಿಮೆ, ಕಾರು ಓಡುವುದು ಜಾಸ್ತಿ. ಆದರೆ ಏರಿನಲ್ಲಿ ಶಕ್ತಿ ಸಾಲುವುದಿಲ್ಲ. ಎರಡೂ ಬೇಕು ಅಂದ್ರೆ ಎಲ್ಲಿಂದ ತರುವುದು, ಹೇಳಿ?"

ಈ ವರ್ಷ ಹನ್ನೊಂದು ಕಾರು ಆಗಿದೆ. ಕಾರಿನ ಯಜಮಾನರು ಮೈಲಿ ಹೆಚ್ಚಾಯಿತೆಂದು ತಮ್ಮ ಕಾರನ್ನೇ ಹೊಗಳುತ್ತಾರೆ. ಹನ್ನೊಂದರಲ್ಲಿ ಒಂದರಲ್ಲಾದರೂ ನೋಣಯ್ಯ ಸವಾರಿ ಮಾಡಿದ್ದುಂಟೇ ಎಂದರೆ, ಇಲ್ಲ. ಅವರ ಜಾಗ ಯಾವಾಗಲೂ ಕಾರಿನ ಅಡಿಯಲ್ಲಿ.

ಅವರ ಮನಸ್ಸು ಮಾತ್ರ ಮೂವತ್ತೆರಡು ಮೈಲಿ ದೂರದ ಕಾರ್ಕಳದಲ್ಲಿದೆ. ಅಳಿಯಕಟ್ಟಿನ ಮನೆತನ, ಹೆಂಡತಿ ದೇಯಿ ಇರುವುದು ತನ್ನ ತಾಯಿಯ ಮನೆಯಲ್ಲೇ, ಗಂಡ ಹೋಗಿ ಬಂದು ಮಾಡುವುದು ಕ್ರಮ. ಮೊದಲು ಶನಿವಾರ ಸಂಜೆಯ ಬಸ್ಸು ತಪ್ಪುತ್ತಿರಲಿಲ್ಲ. ಈಗ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹೊರಟರೆ ಹೊರಟಿತು. ವಾಪಸು ಯಾವಾಗ ಎಂಬುದು ಡ್ರೈವರನಿಗೂ ಗೊತ್ತಿಲ್ಲ. ಶೆಡ್ಡಿನ ಯಜಮಾನರು ಕೊಡುವುದು ಭಾನುವಾರದ ಒಂದೇ ರಜೆ. ಹಾಗಾಗಿ ನೋಣಯ್ಯ ಹೆಂಡತಿಯ ಮುಖ ನೋಡದೆ ಎಂಟು ತಿಂಗಳು.

"ಮಗಳು ಕಿನ್ನಿ ನಡೀತಾಳಂತೆ. ಕಾಗದ ಬಂದಿತ್ತು" ಎಂದು ಚಕ್ರ ಒರೆಸುತ್ತಲೇ ಹೇಳುತ್ತಾರೆ. "ನಾನು ನೋಡಿದಾಗ ಕವುಚಿ ಬೀಳಲಿಕ್ಕೂ ಬರ್ತಿರಲಿಲ್ಲ."

ಹನ್ನೆರಡನೆಯದಾದ ಈ ಕಾರು ಡಾಕ್ಟರ್ ಆರ್ಥರ್ ಅವರದು. ಕಾರ್ಕಳದಲ್ಲಿ ಅವರದೊಂದು ಸಣ್ಣ ದವಾಖಾನೆ. ಪೆಟ್ರೋಲಿಲ್ಲದೆ ಬೀಗ ಬಿದ್ದಿದೆ. ಆ ದಾರಿಗೆ ಅವರು ಉಳಿಸಬಲ್ಲದ್ದು ನಾಲ್ಕು ಗ್ಯಾಲನ್. ಗ್ಯಾಲನ್ನಿಗೆ ಹದಿನಾಲ್ಕು ಮೈಲಿಯಂತೆ ಹೋದರೆ ಹಿಂತಿರುಗುವಾಗ ಮಂಗಳೂರಿಗೆ ಎಂಟು ಮೈಲಿ ಇರುವಾಗಲೇ ನಿಲ್ಲಬೇಕು. "ಹದಿನೇಳು ಕೊಡಿಸು ನೋಣಯ್ಯ, ಭಾನುವಾರ ನಿನ್ನನ್ನೂ ಕರ್ಕೊಂಡು ಹೋಗ್ತೇನೆ" ಎಂದಿದ್ದಾರೆ ಡಾಕ್ಟರು. ಅಂದಿನಿಂದ ನೋಣಯ್ಯನವರಿಗೆ ನಿದ್ದೆಯಿಲ್ಲ.

ಏಳು ಗಂಟೆಗೆ ಗುರುತು ನಡುವಿಗೆ ಬೀಳುತ್ತದೆ. ಎಂಟಕ್ಕೆ ಡಾಕ್ಟರು ಬಂದು ಸ್ಟೀರಿಂಗ್ ಹಿಡಿಯುತ್ತಾರೆ. ಅಳತೆಯ ಪೆಟ್ರೋಲು ಹಾಕಿ ಸುತ್ತಾಡಿಸಿದರೆ ಗ್ಯಾಲನ್ನಿಗೆ ಹದಿನೇಳರ ಮೇಲೆಯೇ ಬರುತ್ತದೆ. ಬಲ್ಮಠದ ಏರನ್ನು ಕಾರು ಏದುಸಿರು ಬಿಡುತ್ತಲೇ ಹತ್ತುತ್ತದೆ. "ಶಹಬ್ಬಾಸ್! ಬಾ, ಕೂತುಕೋ. ಇನ್ನೊಮ್ಮೆ ಹತ್ತಿಸುವ" ಎನ್ನುತ್ತಾರೆ ಶೆಡ್ಡಿಗೆ ಮರಳಿದ ಡಾಕ್ಟರು.

ನೋಣಯ್ಯ ಕೈ ಒರೆಸಿಕೊಂಡು ಅಳುಕುತ್ತಲೇ ಕೂರುತ್ತಾರೆ. ಅರ್ಧ ಏರಿಗೆ ಮುದಿ ಇಂಜಿನ್ ಕೆಮ್ಮಿ ನಿಲ್ಲುತ್ತದೆ. ಎರಡನೇ ಸಲವೂ ಅಷ್ಟೇ. ಡಾಕ್ಟರ ತೂಕ, ಔಷಧದ ಪೆಟ್ಟಿಗೆಯ ತೂಕ ಎಲ್ಲವನ್ನೂ ಲೆಕ್ಕ ಹಾಕಿಯೇ ನೋಣಯ್ಯ ಆ ಜೋಡಿಯನ್ನು ಆರಿಸಿದ್ದರು. ಕಾರಿನೊಳಗೆ ತಾನೂ ಇರುತ್ತೇನೆಂಬುದು ಮಾತ್ರ ಅವರ ತಲೆಗೆ ಹೊಳೆದೇ ಇರಲಿಲ್ಲ. ಅದನ್ನು ಕಂಡು ನಗಬೇಕೋ ಅಳಬೇಕೋ ನಮಗೆ ತಿಳಿಯುವುದಿಲ್ಲ.

"ಹಳೇ ಹಲ್ಲುಚಕ್ರವೇ ಹಾಕಿದರೆ ಎಂತ?" ಡಾಕ್ಟರ ದನಿ ಇಳಿದಿದೆ.

"ಆಗ ಇಬ್ಬರನ್ನೂ ಹೊರ್ತದೆ, ಡಾಕ್ಟ್ರೇ. ಆದರೆ ವಾಪಸು ಬರ್ಲಿಕ್ಕೆ ಪೆಟ್ರೋಲು ಸಾಲುವುದಿಲ್ಲ. ನಿಮ್ಮ ದವಾಖಾನೆ ತೆರೆಯುವುದು ಬೇಡವಾ?"

ನೋಣಯ್ಯ ಕೆಳಗಿಳಿದು ಏರಿನ ತುದಿಯನ್ನೊಮ್ಮೆ ನೋಡುತ್ತಾರೆ. ಎಂಟು ತಿಂಗಳ ಹಂಬಲ ಅವರ ಮುಖದಲ್ಲಿ ಎದ್ದು ಕಾಣುತ್ತದೆ.

"ಚಕ್ರ ಹಾಗೇ ಇರಲಿ. ಏರು ಬಂದಲ್ಲೆಲ್ಲ ನಾನು ಇಳಿದು ನಡೀತೇನೆ, ನೀವು ಮೇಲೆ ಹತ್ತಿ ಕಾಯಿರಿ. ಗುರುಪುರ ದಾಟಿದರೆ ಒಂದು, ಮೂಡಬಿದ್ರೆಯ ಈಚೆ ಎರಡು. ಎಷ್ಟಿದ್ದರೂ ನಡೀತೇನೆ." ಆಮೇಲೆ ನಾಚಿಕೊಂಡು ಸೇರಿಸುತ್ತಾರೆ: "ದೇಯಿಯ ಮನೆಗೆ ಇಳಿಜಾರು ಡಾಕ್ಟ್ರೇ. ಅಲ್ಲಿ ಮಾತ್ರ ನನ್ನನ್ನು ಇಳಿಸಬೇಡಿ. ಅಂಗಳದವರೆಗೂ ಕಾರಿನಲ್ಲಿ ಕೂತೇ ಹೋಗ್ತೇನೆ."