ಅಕ್ಕೋರ ವೆಬ್‌ಸೈಟು ಮಾಡಿದವ

ಅಕ್ಕೋರ ಕುತ್ತಿಗೆ ಬಲಕ್ಕೆ ವಾಲಿತ್ತು. ವರ್ಷಗಟ್ಟಲೆ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು, ಎರಡೂ ಕೈಯಿಂದ ಮೆಂತೆಪಲ್ಲೆ ಬಿಡಿಸುತ್ತಲೋ ಶೇಂಗಾ ಸುಲಿಯುತ್ತಲೋ ಮಂದಿಯ ಸಂಕಟ ಕೇಳಿ ಕೇಳಿ ಅದು ಹಾಗೆಯೇ ನಿಂತುಬಿಟ್ಟಿತ್ತು. ಕಂಡವರನ್ನೆಲ್ಲ ಅಣಕಿಸುವುದೇ ಚಟವಾಗಿದ್ದ ನಾನು ಮೊದಲ ದಿನವೇ ಆ ಕತ್ತನ್ನು ಕಲಿತು ಅವರೆದುರೇ ಮಾಡಿ ತೋರಿಸಿದೆ. ಅವರು ನಕ್ಕು ಕಣ್ಣೊರೆಸಿಕೊಂಡು, ಇನ್ನೊಂಚೂರು ವಾಲಿಸಬೇಕೆಂದು ತಿದ್ದಿದರು.

ಮೊದಲು ಬಬಲೇಶ್ವರದಲ್ಲಿ ಸಾಲಿ ಕಲಿಸುತ್ತಿದ್ದರು. ಟೀಚರಮ್ಮನನ್ನು ನಮ್ಮ ಕಡೆ ಕರೆಯುವ ಅಕ್ಕೋರು ಎಂಬ ಹೆಸರು ಅಲ್ಲಿಂದ ಬಂದದ್ದು. ಆಮೇಲೆ ಮನಃಶಾಸ್ತ್ರ ಓದಿ, ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಅರಿವೆ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದು ಆಪ್ತಸಮಾಲೋಚನೆಯ ಕೇಂದ್ರ ತೆರೆದರು. ವಾರಕ್ಕೆರಡು ಸಲ ಮನೋರೋಗದ ಡಾಕ್ಟರು ಬರುತ್ತಿದ್ದರು. ಕೇಂದ್ರದ ಹಳೇ ವೆಬ್‌ಸೈಟಿನಲ್ಲಿ ಒಬ್ಬ ವಿದೇಶಿ ಹೆಂಗಸು ಸಮುದ್ರದ ದಂಡೆಯಲ್ಲಿ ತಲೆ ಹಿಡಿದು ಕೂತಿದ್ದಳು. ಅದನ್ನು ಹೊಸದಾಗಿ ಕಟ್ಟಿಕೊಡಲು ಗೋಳಗುಮ್ಮಟದ ಹತ್ತಿರ ಕಂಪ್ಯೂಟರ್ ಅಂಗಡಿಯಲ್ಲಿದ್ದ ನನ್ನನ್ನು ಕರೆಸಿದ್ದರು.

ನಾನು ಹುಮ್ಮಸ್ಸಿನಿಂದ ಮೊದಲ ಪುಟದಲ್ಲೇ ಕೇಳಿಬಿಟ್ಟಿದ್ದೆ: ನಿಮ್ಮ ಹೆಸರು, ನಿಮ್ಮ ಊರು, ನಿಮ್ಮ ತೊಂದರೆ. ಅಕ್ಕೋರು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ನೋಡಿದರು.

"ನಮ್ಮ ಕಡೆ ಯಾರರ ನನಗ ತ್ರಾಸ ಆಗೇತಿ ಅಂತ ಬರ್ತಾರೇನೋ? ಮಗ್ಗಲ ಮನ್ಯಾವರಿಗಿ ಅಂತಾರ, ಗೆಳ್ಯಾಗ ಅಂತಾರ. ಹಂಗ ಕೇಳು."

ಅದು ಸುಳ್ಳಾಗುತ್ತದಲ್ಲ ಎಂದೆ. ಸುಳ್ಳೇ ಹೇಳಲಿ ಬಿಡು, ಬಂದು ಕೇಳಿದರೆ ಸಾಕಲ್ಲ ಎಂದರು. ಹೀಗೆ ನಮ್ಮ ಹೊಸ ಪುಟದಲ್ಲಿ 'ಯಾರ ಬಗ್ಗೆ ಮಾತಾಡಬೇಕು?' ಎಂಬ ಒಂದೇ ಪ್ರಶ್ನೆ ಉಳಿಯಿತು. 'ಪರಿಚಯದವರ ಬಗ್ಗೆ' ಎಂಬುದು ಮೇಲೆ, 'ನನ್ನ ಬಗ್ಗೆ' ಎಂಬುದು ಎಲ್ಲಕ್ಕಿಂತ ಕೆಳಗೆ. ಯಾವುದನ್ನು ಒತ್ತಿದರೂ ಫೋನು ಹೋಗುವುದು ಅಕ್ಕೋರಿಗೇ. ವಿಜಯಪುರ ಜಿಲ್ಲೆಯ ಮಂದಿಗೆ ಮಗ್ಗಲ ಮನೆಯವರ ಮೇಲೆ ಇಷ್ಟು ಅಂತಃಕರಣವಿದೆಯೆಂದು ಗೊತ್ತಿರಲಿಲ್ಲ ಎಂದು ನಾನು ವಾರವಿಡೀ ಚೇಷ್ಟೆ ಮಾಡಿದೆ.

ಪುಟ ಸಿದ್ಧವಾದ ದಿನ ಮಧ್ಯಾಹ್ನ, ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅಂಗಡಿಯ ಫೋನಿನಿಂದ ಒತ್ತಿದೆ. ಸುಮ್ಮನೆ ಮಾಡಿದರೆ ನಾನೆಂಥ ಅಣಕುಗಾರ? ತಿಕೋಟಾದ ದ್ರಾಕ್ಷಿ ತೋಟದ ಮುದುಕನ ದನಿ, ಕೆಮ್ಮು ಎರಡೂ ತೆಗೆದೆ. ನಮ್ಮೂರಲ್ಲೊಬ್ಬ ಹುಡುಗನಿದ್ದಾನೆ, ಎಲ್ಲರನ್ನೂ ನಗಿಸುತ್ತಾನೆ, ಅವನಿಗೆ ನಿದ್ದೆಯಿಲ್ಲ ಎಂದೆ. ಅಲ್ಲಿಗೆ ಮುಗಿಸಿ ನಗಬೇಕೆಂದಿದ್ದೆ. ಅಕ್ಕೋರು ಊಟ ಮಾಡುತ್ತಾನೇನು, ಎದೆ ಬಡಿದುಕೊಳ್ಳುತ್ತದೇನು ಎಂದು ಒಂದೊಂದಾಗಿ ಕೇಳಿದರು. ನನಗೆ ಎಲ್ಲದಕ್ಕೂ ಉತ್ತರ ಗೊತ್ತಿತ್ತು. ಮದುವೆ ಮನೆಗಳಲ್ಲಿ ನಗಿಸಿ ಬಂದು, ಬಾಗಿಲು ಹಾಕಿಕೊಂಡು ಗೋಡೆ ನೋಡುತ್ತ ಕೂರುವುದನ್ನೂ ಹೇಳಿದೆ.

"ಸಾಯೂ ಮಾತು ಆಡ್ತಾನೇನ್ರಿ ಯಜಮಾನ್ರ?"

ಮುದುಕನ ಕೆಮ್ಮು ಬರಲಿಲ್ಲ. "ಒಮ್ಮೊಮ್ಮೆ ರೀ," ಅಂದದ್ದು ನನ್ನದೇ ದನಿ.

ಅಕ್ಕೋರು ಗಡಿಬಿಡಿ ಮಾಡಲಿಲ್ಲ. "ಇವತ್ತ ಒಬ್ಬಾಂವ ಮಲಗಬ್ಯಾಡ, ಅವ್ವನ ಹತ್ರ ಹಾಸ್ಕೋ ಅಂತ ಹೇಳ್ರಿ ಅವಂಗ. ನಾಳೆ ಮುಂಜಾನೆ ನನ್ನ ಕಡೆ ಕಳಸ್ರಿ. ವೆಬ್‌ಸೈಟಿನ ಕೆಲಸ ಐತಿ ಅಂದ್ರ ಬರ್ತಾನ."

ಹೋದೆ. ಮುಖ ಎತ್ತಲಾಗಲಿಲ್ಲ. ಅವರು ಮೊದಲು ಲ್ಯಾಪ್‌ಟಾಪ್ ತೆಗೆಸಿ ಮೇಜಿನ ಮೇಲೆ ಇಡಿಸಿದರು, ಆಮೇಲೆ ಬಾಗಿಲು ಹಾಕಿದರು. ಅಂದಿನಿಂದ ಪ್ರತಿ ವಾರ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಯೇ ಆ ಮೆಟ್ಟಿಲು ಹತ್ತಿದೆ. ಡಾಕ್ಟರು ಗುಳಿಗೆಯನ್ನೂ ಬರೆದುಕೊಟ್ಟರು. ನೋಡಿದವರು ಏನಾದರೂ ಅಂದುಕೊಂಡಾರೆಂದು ಪುಟದಲ್ಲಿ ಏನಾದರೊಂದು ಬದಲಿಸುತ್ತಿದ್ದೆ. ನನ್ನ ನಿದ್ದೆ ನೆಟ್ಟಗಾಗುವಷ್ಟರಲ್ಲಿ ಆ ಬಡ ವೆಬ್‌ಸೈಟು ಹಸಿರಿನಿಂದ ನೀಲಿಗೆ, ನೀಲಿಯಿಂದ ಮತ್ತೆ ಹಸಿರಿಗೆ ತಿರುಗಿತ್ತು.

ಒಂದು ದಿನ ಮೆಟ್ಟಿಲ ಬುಡದಲ್ಲೇ ಸಾರವಾಡದ ನಮ್ಮ ಸೋದರಮಾವ ಎದುರಾದ. ಅರಿವೆ ಕೊಳ್ಳಲು ಬಂದಿದ್ದ. ತಲೆ ಕೆಟ್ಟವರ ದವಾಖಾನಿಯಲ್ಲಿ ನಿನಗೇನು ಕೆಲಸವೋ ಎಂದು ಜೋರಾಗಿ ಕೇಳಿದ. ನಾನು ಇನ್ನೂ ಜೋರಾಗಿ, ವೆಬ್‌ಸೈಟು ಮಾಮಾ ಎಂದೆ. ಅಷ್ಟು ಸಾಲಲಿಲ್ಲ. ಇಲ್ಲಿಗೆ ಬರುವವರು ಹೀಗಿರುತ್ತಾರೆಂದು ಕಣ್ಣು ತಿರುಗಿಸಿ, ಬಾಯಿ ಸೊಟ್ಟ ಮಾಡಿ, ಕೈ ನಡುಗಿಸಿ ತೋರಿಸಿದೆ. ಮಾವ ಹೊಟ್ಟೆ ಹಿಡಿದು ನಕ್ಕ. ನಾನು ತಲೆಯೆತ್ತಿದಾಗ ಅಕ್ಕೋರು ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದರು.

ಒಳಗೆ ಹೋದ ಮೇಲೆ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

"ನಿನ್ನ ಮಾನ ಉಳಿಸ್ಕೊಂಡಿ, ಇರ್ಲಿ. ಆದ್ರ ಕೆಳಗ ನಿನ್ನ ಹಿಂದಿನ ಬೆಂಚಿನ ಮ್ಯಾಲೆ ನನ್ನ ಕಾಣಾಕ ಬಂದ ಅವ್ವ ಮಗಳು ಕುಂತಿದ್ರು. ಎದ್ದ ಹೋದ್ರು."

ನಾನು ಓಡಿ ಇಳಿದು ಗುಡಿಯ ಮುಂದಿನ ಸಂತೆಯಲ್ಲೆಲ್ಲ ಹುಡುಕಿದೆ. ಅವರ ಮುಖವನ್ನೇ ನಾನು ನೋಡಿರಲಿಲ್ಲ, ಯಾರನ್ನೆಂದು ಹುಡುಕಲಿ? ಬರಿಗೈಲಿ ಬಂದಾಗ ಅಕ್ಕೋರು ನೀರು ಕೊಟ್ಟು, ಆ ವಾರದ ನನ್ನ ಮಾತನ್ನು ಎಂದಿನಂತೆಯೇ ಕೇಳಿದರು. ಆ ತಾಯಿಮಗಳು ಮತ್ತೆ ಬಂದರೋ ಇಲ್ಲವೋ, ಕೇಳುವ ಧೈರ್ಯ ನನಗೆ ಕೊನೆಗೂ ಆಗಲಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕೋರು ಮನೆಯಲ್ಲೇ ಹೃದಯ ನಿಂತು ತೀರಿಕೊಂಡರು. ಅಂಗಳದಲ್ಲಿ ಅವರ ಯಜಮಾನರು ಬಂದವರನ್ನೆಲ್ಲ ಯಾರು, ಎಲ್ಲಿಯವರೆಂದು ವಿಚಾರಿಸುತ್ತಿದ್ದರು. ಸೆರಗು ಹೊದ್ದ ತಿಕೋಟಾದ ಹೆಂಗಸೊಬ್ಬಳು, ಅಕ್ಕೋರು ನನ್ನ ತಲೆ ನೆಟ್ಟಗ ಮಾಡ್ಯಾರ ರೀ ಎಂದು ಎಲ್ಲರೆದುರು ಹೇಳಿದಳು. ಪಕ್ಕದಲ್ಲೇ ನನ್ನ ಸರದಿ. ನಾನು ವೆಬ್‌ಸೈಟು ಮಾಡಿದವ ಎಂದೆ.

ಮಂದಿ ಕರಗಿದ ಮೇಲೆ ಕುರ್ಚಿ ಎತ್ತಿಡುವ ನೆಪದಲ್ಲಿ ಉಳಿದೆ. ಆ ಮನೆಯವರಿಗೆ ನನ್ನದೆಲ್ಲ ಗೊತ್ತೇ ಇರುತ್ತದೆ, ಎದುರಿಗೆ ಸುಳ್ಳು ಹೇಳಿದೆನಲ್ಲ ಎಂದು ಕಿವಿ ಉರಿಯುತ್ತಿತ್ತು. ಯಜಮಾನರ ಹತ್ತಿರ ಹೋಗಿ, ನಾನೂ ಅಕ್ಕೋರ ಹತ್ತಿರ ತೋರಿಸಿಕೊಳ್ಳುತ್ತಿದ್ದೆ, ಅವರಿಲ್ಲದಿದ್ದರೆ ಇಲ್ಲಿ ನಿಂತಿರುತ್ತಿರಲಿಲ್ಲ ಎಂದು ಹೇಳಿದೆ.

ಅವರು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಹೌದೇನಪಾ? ನನಗ ಗೊತ್ತ ಇರಲಿಲ್ಲ. ಆ ವೆಬ್‌ಸೈಟಿನ ಹುಡುಗ ಬಂದ್ರ ನನಗ ಭಾಳ ನಗಿ ಬರ್ತೈತಿ ಅಂತ ಅಷ್ಟ ಹೇಳತಿದ್ಳು ಮನ್ಯಾಗ."