ನಾನು ಓದದೆ ಬಿಟ್ಟ ಸಾಲು

ಮೂರು ವರ್ಷದ ಹಿಂದಿನ ಬೇಸಿಗೆ ರಜೆ. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ಕೆಲಸ ಮುಗಿಸಿ ಗುರುವಾಯನಕೆರೆಯ ಮನೆಯಲ್ಲಿ ಆರಾಮವಾಗಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ವಿಜ್ಞಾನ ಕಲಿಸುವವರು ಅರ್ಧ ಡಾಕ್ಟರು ಎಂದು ನಮ್ಮ ಊರಿನವರ ನಂಬಿಕೆ. ಹಾಗಾಗಿ ಯಾರದೇ ಲ್ಯಾಬ್ ರಿಪೋರ್ಟ್ ಬಂದರೂ ಅದು ಮೊದಲು ನನ್ನ ಜಗಲಿಗೆ ಬರುತ್ತಿತ್ತು. ನನಗೂ ಅದರಲ್ಲಿ ಸ್ವಲ್ಪ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಆ ದಿನ ಬಂದವರು ಹಮೀದಾಕ ಮತ್ತು ಅವರ ಹೆಂಡತಿ ಕತೀಜಮ್ಮ. ರಸ್ತೆಯಾಚೆ ಅವರದು ಗಿಡಗಳ ನರ್ಸರಿ. ನನ್ನ ಅಂಗಳದ ಮಲ್ಲಿಗೆ, ಕಸಿ ಮಾವು ಎಲ್ಲ ಅವರೇ ಕೊಟ್ಟದ್ದು. ತಿಂಗಳ ಹಿಂದಷ್ಟೇ ಮಂಗಳೂರಿನಲ್ಲಿ ಹಮೀದಾಕನ ಲಿವರಿನ ಕ್ಯಾನ್ಸರ್ ಗಡ್ಡೆ ತೆಗೆದಿದ್ದರು.

"ಡಾಕ್ಟ್ರು ಹೇಳಿದ್ದು ನನ್ನ ತಲೆಗೆ ಹೋಗ್ಲಿಲ್ಲ ಟೀಚರೇ. ಎಲ್ಲ ಇದರಲ್ಲಿ ಉಂಟಂತೆ. ಓದಿ ಹೇಳಿ," ಎಂದು ಹಮೀದಾಕ ಫೈಲು ಕೊಟ್ಟರು.

ಓದಿದೆ. ತಿಳಿಯದ ಶಬ್ದಗಳನ್ನು ಮೊಬೈಲಿನಲ್ಲಿ ಹುಡುಕಿದೆ. ಆ ಗಡ್ಡೆಯಲ್ಲಿ ಕಾಂಡಕೋಶದಂಥ ಜೀವಕೋಶಗಳಿದ್ದವು, ಅಂದರೆ ಹೊಸ ಕೋಶಗಳನ್ನು ಹುಟ್ಟಿಸುತ್ತಲೇ ಇರುವ ಜಾತಿಯವು. ಅಂಥ ಒಂದೆರಡು ಉಳಿದರೂ ಸಾಕು. ಕೆಲವು ಕಾಲ ಸುಮ್ಮನಿದ್ದು, ಆಮೇಲೆ ಪಕ್ಕದ ಕೋಶಗಳ ಹಿಡಿತ ಬಿಡಿಸಿಕೊಂಡು, ಆಕಾರ ಬದಲಿಸಿ, ರಕ್ತನಾಳಕ್ಕೆ ನುಸುಳಿ ಬೇರೆಲ್ಲೋ ಬೆಳೆಯಬಲ್ಲವು. ಹಾಗಾಗಿ ಮೂರು ತಿಂಗಳಿಗೊಮ್ಮೆ ತಪ್ಪದೆ ಸ್ಕ್ಯಾನ್ ಮಾಡಿಸಬೇಕು ಎಂದು ಕೊನೆಯ ಸಾಲಿನಲ್ಲಿತ್ತು.

ಹಮೀದಾಕ ನನ್ನ ಮುಖವನ್ನೇ ನೋಡುತ್ತಿದ್ದರು. "ಇದು ಕಳೆಯ ಹಾಗಾ ಟೀಚರೇ? ಕಿತ್ತರೂ ಬೇರಿನ ಚೂರು ಉಳಿದ್ರೆ ಪುನಃ ಬರ್ತದಾ?"

ಇಷ್ಟು ಸರಿಯಾದ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿದ್ದಿಲ್ಲ. ಹೌದು ಎನ್ನಬೇಕಿತ್ತು. ಆದರೆ ಪಕ್ಕದಲ್ಲಿ ಕತೀಜಮ್ಮ ಉಸಿರು ಬಿಗಿಹಿಡಿದು ಕುಳಿತಿದ್ದರು.

"ಇಲ್ಲ ಹಮೀದಾಕ, ಬೇರುಸಮೇತ ತೆಗ್ದಿದ್ದಾರೆ. ಆಗಾಗ ತೋರಿಸಿದ್ರೆ ಸಾಕು," ಎಂದೆ.

ಕತೀಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ದೊಡ್ಡ ಉಪಕಾರ ಮಾಡಿದೆನೆಂಬ ಖುಷಿಯಲ್ಲಿ ನಾನು ಹಿತ್ತಲಿನ ತೊಂಡೆಕಾಯಿ ಕೊಯ್ದು ಕಟ್ಟಿಕೊಟ್ಟೆ.

ಜುಲೈ ಬಂತು. ನಮ್ಮ ಕಡೆ ಗಿಡ ನೆಡುವುದು ಮಳೆ ಹಿಡಿದ ಮೇಲೆ. ನರ್ಸರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಮೀದಾಕ ಮಣ್ಣಿನ ಕೈಯಲ್ಲೇ ಕೇಳಿದರು, "ಸ್ಕ್ಯಾನಿಗೆ ಬನ್ನಿ ಅಂತ ಫೋನ್ ಬಂದಿತ್ತು. ಈ ಗಡಿಬಿಡಿ ಮುಗಿದ ಮೇಲೆ ಹೋದ್ರೆ ಆಗ್ತದಾ?"

"ಆಗ್ತದೆ ಮಾರಾಯ್ರೆ, ಮಳೆ ಬಿಡ್ಲಿ," ಎಂದೆ. ಎರಡು ಪೇರಳೆ ಗಿಡ ಆರಿಸಿಕೊಂಡು ಮನೆಗೆ ಬಂದೆ.

ಅವರು ಸ್ಕ್ಯಾನಿಗೆ ಹೋದದ್ದು ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಅದು ಶ್ವಾಸಕೋಶಕ್ಕೆ ಹಬ್ಬಿತ್ತು.

ನೋಡಲು ಹೋದಾಗ ಅವರ ಅಳಿಯ ಸಿಟ್ಟಿನಲ್ಲಿದ್ದ. "ಮೂರು ತಿಂಗಳಿಗೊಮ್ಮೆ ಬರಬೇಕು ಅಂತ ಕಾಗದದಲ್ಲೇ ಉಂಟಲ್ಲ ಮಾವ! ಯಾರೂ ಹೇಳ್ಲಿಲ್ವಾ ನಿಮಗೆ?"

ಹಮೀದಾಕ ಒಮ್ಮೆ ನನ್ನನ್ನು ನೋಡಿದರು. ಆಮೇಲೆ, "ಟೀಚರ್ ಹೇಳಿದ್ರು. ನನಗೇ ಪುರುಸೊತ್ತಾಗ್ಲಿಲ್ಲ," ಎಂದರು.

ಇಲ್ಲ, ನಾನು ಹೇಳಲಿಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ತಲೆ ತಗ್ಗಿಸಿ ಕುಳಿತೆ. ಮುಂದಿನ ಮಳೆಗಾಲ ನೋಡಲು ಹಮೀದಾಕ ಇರಲಿಲ್ಲ. ಜುಲೈಯಲ್ಲೇ ಹೋಗಿದ್ದರೆ ಉಳಿಯುತ್ತಿದ್ದರೇ, ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ನನ್ನನ್ನು ಹಿಂಡುತ್ತದೆ.

ಕಳೆದ ತಿಂಗಳು ಕತೀಜಮ್ಮ ತಮ್ಮನ ರಿಪೋರ್ಟ್ ಹಿಡಿದುಕೊಂಡು ಬಂದರು. "ಅವರಿಗೆ ಧೈರ್ಯ ಹೇಳಿದ್ದು ನೀವೊಬ್ಬರೇ ಟೀಚರೇ. ಇದನ್ನೂ ನೀವೇ ಓದಿ."

ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, ಹೆದರಿಸುವಂಥದ್ದನ್ನೂ ಬಿಡದೆ ಓದಿದೆ. "ನಾಳೆಯೇ ಡಾಕ್ಟರ ಹತ್ತಿರ ಹೋಗುವ, ನಾನೂ ಬರ್ತೇನೆ," ಎಂದೆ. ಮರುದಿನ ಅವರ ಜೊತೆ ಹೋಗಿಯೂ ಬಂದೆ.

ಅವರ ಗಂಡನ ಕಾಗದದ ಆ ಕೊನೆಯ ಸಾಲನ್ನು ಮಾತ್ರ ಕತೀಜಮ್ಮನಿಗೆ ನಾನಿನ್ನೂ ಓದಿ ಹೇಳಿಲ್ಲ.