ಕೌದಿಯೊಳಗಿನ ಮಾತು

ತಂಬೂರು ಗ್ರಾಮದ ಮಾಬುಬಿ ದೇವರ ಹೆಸರೆತ್ತಿ ‘ಬಿಸ್ಮಿಲ್ಲಾ’ ಎನ್ನದೆ ತುತ್ತು ಎತ್ತಿದವಳಲ್ಲ. ಐವತ್ತೆಂಟು ವರ್ಷಗಳ ರೂಢಿ. ಆ ಮಾತೇ ಒಂದು ದಿನ ತನ್ನ ಎದೆ ನಡುಗಿಸೀತೆಂದು ಅವಳು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಹಳೆ ಬಟ್ಟೆಗಳ ಹೊದಿಕೆಯಾದ ಕೌದಿ ಹೊಲಿದು ಬಾಳಿದ ಮಾಬುಬಿ, ಇಳಿವಯಸ್ಸಿನಲ್ಲಿ ಕಾಡಂಚಿನ ಪ್ರಾಣಿ ಆರೈಕೆ ಕೇಂದ್ರದ ಕೆಲಸಕ್ಕೆ ಸೇರಿದ್ದಳು. ಎರಡು ವರ್ಷದ ಹಿಂದೆ ಕಾವಲುಗಾರ ಯಲ್ಲೇಶ ಒಂದು ಕರಿಗಾಲಿನ ಮುಸುವದ, ಉದ್ದ ಬಾಲದ ಕೋತಿಯ, ಮರಿಯನ್ನು ಎತ್ತಿ ತಂದ. ತಾಯಿ ವಿದ್ಯುತ್ ತಂತಿ ತಾಗಿ ಸತ್ತಿತ್ತು. ಮರಿ ಅದರ ಎದೆಯನ್ನು ಬಿಡದೆ ಹಿಡಿದುಕೊಂಡಿತ್ತಂತೆ. ಈ ಜಾತಿಯ ಮುಸುವಗಳೇ ಕಡಿಮೆಯಾಗುತ್ತಿವೆ. ಮರಿ ಬದುಕಬೇಕು, ಬದುಕಿ ಕಾಡಿಗೆ ಮರಳಬೇಕು. ಅದಕ್ಕೆಂದೇ ವೈದ್ಯೆ ವೃಂದಾ ಕಟ್ಟುನಿಟ್ಟು ಮಾಡಿದ್ದಳು: ಮನುಷ್ಯರ ಮುಖ ಅದಕ್ಕೆ ಕಾಣಬಾರದು, ದನಿ ಕೇಳಬಾರದು. ಮಾಬುಬಿ ಬೂದುಬಣ್ಣದ ಕೌದಿಯೊಂದನ್ನು ಹೊಲಿದು, ಅಡಿಯಿಂದ ಮುಡಿಯವರೆಗೆ ಹೊದ್ದು, ಮೊದಲು ಹಾಲು ಕುಡಿಸಿದಳು. ಆಮೇಲೆ ಚಿಗುರು ತಿನ್ನಿಸಿದಳು.

ಬಿಡುಗಡೆಗೆ ಎರಡು ತಿಂಗಳಿತ್ತು. ಒಂದು ಮಧ್ಯಾಹ್ನ ಅವಳು ಜಾಲರಿಯ ಹೊರಗೆ ತಟ್ಟಿಯ ಮರೆಯಲ್ಲಿ ಕುಳಿತು ಬುತ್ತಿ ಬಿಚ್ಚಿ, ರೂಢಿಯಂತೆ ‘ಬಿಸ್ಮಿಲ್ಲಾ’ ಎಂದಳು. ಒಳಗೆ ಕೊಂಬೆಯ ಮೇಲಿದ್ದ ಮುಸುವ ದಡದಡನೆ ಇಳಿದು ಬಂದು ಜಾಲರಿಯಿಂದ ಕೈ ಚಾಚಿತು.

“ಕಾಕೂ, ನಿಮಗಿಂತ ಮೊದಲ ಅದು ಊಟಕ್ಕ ಕುಂತೈತಿ ನೋಡ್ರಿ!” ಎಂದು ಪಕ್ಕದಲ್ಲಿದ್ದ ಯಲ್ಲೇಶ ನಕ್ಕ. ಆಗಷ್ಟೇ ಅಲ್ಲಿಗೆ ಬಂದ ವೃಂದಾ ನಗದೆ ಕೇಳಿದಳು:

“ಕೌದ್ಯಾಗ ಕುಂತು ಇದನ್ನ ಅಂತಿದ್ರೇನ್ರಿ?”

“ಸಣ್ಣ ದನೀಲೆ ಅಂದಿರಬೇಕ್ರಿ, ಡಾಕ್ಟರಬಾಯಿ. ಹೆಸರು ತಗೊಳ್ಳದ ಉಣಸೂದು ಹ್ಯಾಂಗ್ರಿ?”

ಹೇಳುತ್ತಿದ್ದಂತೆಯೇ ಅವಳಿಗೆ ಹೊಳೆಯಿತು. ತಂಬೂರಿನಲ್ಲಿ, ಆಚೆಯ ಮಿಶ್ರಿಕೋಟಿಯಲ್ಲಿ, ದಿನಕ್ಕೆರಡು ಹೊತ್ತು ಆ ಮಾತು ಕೇಳುವ ಮನೆಗಳು ಎಷ್ಟಿಲ್ಲ! ಕೇಳಿದಲ್ಲೆಲ್ಲ ಈ ಹುಚ್ಚು ಜೀವ ಅಂಗಳಕ್ಕೆ ಇಳಿದರೆ? ಅಲ್ಲಿ ನಾಯಿಗಳಿವೆ. ದಾರಿಯಲ್ಲಿ ಅದೇ ತಂತಿಗಳಿವೆ.

“ಆ ಮಾತು ಅಂದು ಡಬ್ಬಿ ಬಡೀರಿ. ಅಂಜಿ ಓಡತೈತಿ,” ಎಂದ ಯಲ್ಲೇಶ.

“ಆ ಹೆಸರಿಗೆ ಒಂದು ಜೀವ ಅಂಜೂದು ಬ್ಯಾಡೋ. ಅದು ನನ್ನ ಕೈಲೆ ಆಗಂಗಿಲ್ಲ.”

ಅಂದಿನಿಂದ ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೇವು ಕೊಟ್ಟಳು. ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಆ ಮಾತಿಗೆ ಮೇವು ಸಿಗದೆಂದು ಅದು ಕಲಿಯಲೆಂದು, ಬೇರೆ ಹೊತ್ತಿನಲ್ಲಿ ಕೌದಿ ಹೊದ್ದು ಬರಿಗೈಯಿಂದ ಬಂದು ಆ ಮಾತನ್ನು ಗಟ್ಟಿಯಾಗಿ ಹೇಳಿ ಹೊರಟುಹೋಗುತ್ತಿದ್ದಳು. ಮೊದಮೊದಲು ಮುಸುವ ಓಡಿ ಬಂದು, ಅವಳ ಮುಚ್ಚಿದ ಮುಷ್ಟಿಯನ್ನು ಬಿಡಿಸಿ ನೋಡುತ್ತಿತ್ತು. ಅಂದೆಲ್ಲ ಅವಳಿಗೂ ಊಟ ಸೇರುತ್ತಿರಲಿಲ್ಲ. ಬರಬರುತ್ತ ಅದು ಇಳಿದು ಬರುವುದು ಕಡಿಮೆಯಾಯಿತು.

ಬಿಡುಗಡೆಯ ದಿನ ಕೇಂದ್ರದಲ್ಲೇ ಬೆಳೆದ ಇನ್ನೂ ನಾಲ್ಕು ಮುಸುವಗಳ ಸಂಗಡ ಅದೂ ಮತ್ತೀಮರ ಏರಿತು. ವೃಂದಾ ಮೆಲ್ಲಗೆ, “ಈಗ ಅನ್ರಿ. ಇಳದು ಬಂದ್ರ ವಾಪಸ್ ಜಾಲರಿಗೇ ಒಯ್ಯೂಣು,” ಎಂದಳು.

ಮಾಬುಬಿ ಬುತ್ತಿ ಬಿಚ್ಚಿದಳು.

“ಬಿಸ್ಮಿಲ್ಲಾ.”

ಮುಸುವ ತಟ್ಟನೆ ತಿರುಗಿತು. ಒಂದು ಕೊಂಬೆ ಇಳಿಯಿತು. ಅವಳು ಕಣ್ಣು ಮುಚ್ಚಿದಳು. ಎಲೆಗಳ ಸರಸರ ಸದ್ದಾಯಿತು. ಕಣ್ಣು ತೆರೆದಾಗ ಆ ಕೊಂಬೆ ಬರಿದಾಗಿ ತೂಗುತ್ತಿತ್ತು; ಐದೂ ಬಾಲಗಳು ಮೇಲಿನ ಹಸಿರಿನಲ್ಲಿ ಜೋತಾಡುತ್ತಿದ್ದವು.

ಇಂದಿಗೂ ಮನೆಯಲ್ಲಿ ಊಟಕ್ಕೆ ಕುಳಿತು ಆ ಮಾತು ಹೇಳಿದ ಮೇಲೆ ಮಾಬುಬಿಯ ಕೈ ತುಸು ಹೊತ್ತು ತಡೆಯುತ್ತದೆ. ಮಾಡಿನ ಹಂಚಿನ ಮೇಲೆ ಮುಸುವದ ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ರೊಟ್ಟಿ ಮುರಿಯುತ್ತಾಳೆ.